ಅರಾನ್ ಸ್ವೆಟರ್ರಾ, ಡೊನಿಗಾಲ್ ಟ್ವೀಡಾ?

ಐರ್ಲೆಂಡಿಂದ ಒಂದೇ ಒಂದು ಉಣ್ಣೆ ಐಟಂ ತರೋದಾದ್ರೆ ಯಾವ್ದು ಅಂತ ಯೋಚ್ನೆ ಮಾಡ್ತಿರೋರಿಗೆ ಇದು. ಎರಡೂ ಹಳ್ಳಿ ಮನೆಗಳ ಕಸುಬೇ, ಅರಾನ್ ದ್ವೀಪಗಳಲ್ಲಿ ಹೆಂಗಸ್ರು ಕಡ್ಡಿ ಹಿಡಿದು ಸ್ವೆಟರ್ ಹೆಣೀತಿದ್ರು, ಡೊನಿಗಾಲ್ ಕಡೆ ಹೆಂಗಸ್ರು ನೂಲು ತೆಗೆದು ಕೊಟ್ರೆ ಗಂಡಸ್ರು ಮಗ್ಗದಲ್ಲಿ ಟ್ವೀಡ್ ಅನ್ನೋ ಉಣ್ಣೆ ಬಟ್ಟೆ ನೇಯ್ತಿದ್ರು.

ಸ್ವೆಟರ್ ಅಂದ್ರೆ ದಪ್ಪ ಕೆನೆಬಿಳಿ ಉಣ್ಣೆ, ಮೈತುಂಬ ಹಗ್ಗ, ಜೇನುಗೂಡಿನ ಡಿಸೈನು. ಒಂದೊಂದು ಮನೆತನಕ್ಕೆ ಒಂದೊಂದು ಡಿಸೈನ್ ಇತ್ತು, ಮುಳುಗಿ ಸತ್ತ ಮೀನುಗಾರನ್ನ ಅದ್ರಿಂದಾನೇ ಗುರುತು ಹಿಡೀತಿದ್ರು ಅಂತ ಕಥೆ ಕಟ್ತಾರೆ, ನಂಬಬೇಡಿ, ಈ ಸ್ವೆಟರ್ ಶುರುವಾಗಿದ್ದೇ ಸುಮಾರು 1900ರ ಆಸುಪಾಸಲ್ಲಿ. ಕೈಯಲ್ಲಿ ಹೆಣೆಯೋಕೆ ವಾರಗಟ್ಲೆ ಬೇಕು, ರೇಟೂ ಹಂಗೇ ಇರುತ್ತೆ, ಅಂಗಡೀಲಿ ಕಾಣೋದು ಬಹುಪಾಲು ಮಷೀನಿಂದು, ಲೇಬಲ್ ನೋಡ್ಕೊಳ್ಳಿ. ಒಗೆದು ತಂತಿಗೆ ನೇತಾಕಿದ್ರೆ ಜೋತುಬಿದ್ದು ಉದ್ದ ಆಗೋಗುತ್ತೆ, ಹಾಸಿ ಒಣಗಿಸ್ಬೇಕು.

ಟ್ವೀಡಲ್ಲಿ ಬಣ್ಣಬಣ್ಣದ ಚುಕ್ಕೆ ಇರುತ್ತಲ್ಲ, ಅದು ಪ್ರಿಂಟ್ ಅಲ್ಲ, ನೂಲು ಮಾಡುವಾಗ್ಲೇ ಸೇರಿಸೋ ಉಣ್ಣೆಯ ಸಣ್ಣ ಉಂಡೆಗಳು. ಡೊನಿಗಾಲಿನ ಆರ್ಡರಾ ಊರಲ್ಲಿ ಈಗ್ಲೂ ಕೈಮಗ್ಗ ಓಡ್ತಿದೆ. ಕೋಟು ದುಬಾರಿ, ಟೋಪಿ ಪರ್ವಾಗಿಲ್ಲ.

ಡಬ್ಲಿನ್‌ನಲ್ಲೇ ಇರೋರು ಕಣ್ಮುಚ್ಕೊಂಡು ಸ್ವೆಟರ್ ತಗೊಳ್ಳಿ. ಬೆಂಗಳೂರಿಗೆ ವಾಪಸ್ ಬರೋರಿಗೆ ಆ ದಪ್ಪ ಸ್ವೆಟರ್ ಬೀರುಗೇ ಸರಿ, ಟ್ವೀಡ್ ಟೋಪಿ ಸಾಕು.