ಆರ್‌ಎಕ್ಸ್ 100ಕ್ಕೆ ಹೊಸ ಕಾಪಿ ಕಾರ್ಬುರೇಟರಾ, ಹಳೇದಕ್ಕೆ ಕಿಟ್ಟಾ? ಎರಡೂ ಹಾಕಿ ನೋಡಿದೆ

ಗಾಡಿಯ ಜೊತೆಗೇ ಬಂದ ಹಳೇ ಮಿಕುನಿ ಕಾರ್ಬುರೇಟರ್ ಇದ್ದರೆ ದಯವಿಟ್ಟು ಬಿಸಾಕಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆರ್‌ಎಕ್ಸ್ 100 ತಯಾರಾಗುವುದು 1996ಕ್ಕೇ ನಿಂತಿತು. ಈಗ ಅಂಗಡಿಯಲ್ಲಿ ಕಾರ್ಬುರೇಟರ್ ಕೇಳಿದರೆ ಜಾಸ್ತಿ ಮುಂದಿಡುವುದು ಕಾಪಿಯನ್ನೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೂವರೆ ಸಾವಿರದ ಆಸುಪಾಸು ಕೊಟ್ಟು ಅಂಥದ್ದೊಂದು ತಂದೆ. ಜೊತೆಗೆ ಇನ್ನೂರು ಚಿಲ್ಲರೆಗೆ ಹಳೇದಕ್ಕೆ ರಿಪೇರಿ ಕಿಟ್ಟೂ ತಂದೆ. ಗಾಡಿಯ ತೊಂದರೆ ಮಾಮೂಲಿಯದೇ: ಚೋಕ್ ಹಾಕಿದರೆ ಸ್ಟಾರ್ಟ್, ಚೋಕ್ ತೆಗೆದರೆ ಆಫ್. ಪೈಲಟ್ ಜೆಟ್ (ಐಡಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ಕಟ್ಟಿಕೊಂಡಾಗ ಹೀಗೇ ಆಗುತ್ತದೆ.

ಕಾಪಿ ಹಾಕಿದ ಕೂಡಲೇ ಒಂದೇ ಕಿಕ್ಕಿಗೆ ಗಾಡಿ ಎದ್ದಿತು, ಅದನ್ನು ಒಪ್ಪಲೇಬೇಕು. ಆದರೆ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕಲು ಶುರು.

ಕಾರ್ಬುರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್ ಬಿಚ್ಚಿ ಊದಿ ನೋಡಿದೆ. ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಕಾರ್ಬುರೇಟರನ್ನು ನೆಟ್ಟಗೆ ಹಿಡಿದು ಪೆಟ್ರೋಲ್ ಬರುವ ನಳಿಗೆಗೆ ಸಣ್ಣ ಪೈಪ್ ಸಿಕ್ಕಿಸಿ ಊದಿದರೆ ಗಾಳಿ ಸಲೀಸಾಗಿ ಹೋಗಬೇಕು. ತಲೆಕೆಳಗು ಮಾಡಿ ಊದಿದರೆ ಫ್ಲೋಟಿನ (ಪೆಟ್ರೋಲಿನಲ್ಲಿ ತೇಲುವ ಭಾಗ) ಭಾರಕ್ಕೆ ಪೆಟ್ರೋಲ್ ತಡೆಯುವ ನೀಡಲ್ ಕೂತು ಗಾಳಿ ಪೂರ್ತಿ ನಿಲ್ಲಬೇಕು. ಕಿಟ್‌ನ ನೀಡಲ್ ಹಾಕಿದ ಹಳೇ ಮಿಕುನಿಯಲ್ಲಿ ಗಾಳಿ ನಿಂತಿತು. ಕಾಪಿಯಲ್ಲಿ ಮಾತ್ರ ಸಣ್ಣಗೆ ಸುಯ್ ಅಂತ ಹೋಗುತ್ತಲೇ ಇತ್ತು. ಅದೇ ನೀಡಲ್ ತೆಗೆದು ಕಾಪಿಗೆ ಹಾಕಿದೆ, ಆಗಲೂ ಹಾಗೇ. ಅಂದರೆ ದೋಷ ನೀಡಲ್‌ನದ್ದಲ್ಲ, ಅದು ಕೂರುವ ಸೀಟಿನದ್ದು. ಟಾರ್ಚ್ ಬಿಟ್ಟು ನೋಡಿದರೆ ಹಿತ್ತಾಳೆಯ ಅಂಚಿನಲ್ಲಿ ಗೀರು ಕಾಣುತ್ತಿತ್ತು. ಕಿವಿಕಡ್ಡಿಗೆ ಮೆಟಲ್ ಪಾಲಿಶ್ ಹಚ್ಚಿ ತಿರುಗಿಸಿ ತಿರುಗಿಸಿ ಉಜ್ಜಿದ ಮೇಲೆ ಸೋರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ನಿಲ್ಲಿಸಿದಾಗೆಲ್ಲ ಟ್ಯಾಂಕಿನ ಪೆಟ್ರೋಲ್ ಕಾಕ್ ಬಂದ್ ಮಾಡಿದರೆ ಸೋರುವುದಿಲ್ಲ, ನಿಜ. ಆದರೆ ಇದು ಮನೆಮಂದಿಯೆಲ್ಲ ಓಡಿಸುವ ಗಾಡಿ, ಎಲ್ಲರಿಗೂ ನೆನಪಿರಬೇಕಲ್ವಾ? ಹೊಸ ಸಾಮಾನಿಗೆ ದುಡ್ಡು ಕೊಟ್ಟು ಪೆಟ್ರೋಲ್ ವಾಸನೆ ಯಾಕೆ ಸಹಿಸಬೇಕು?

ಇದಕ್ಕಿಂತ ನನಗೆ ಭಯವಾದದ್ದು ಪ್ಲಗ್ ನೋಡಿ. ಹೈವೇಯಲ್ಲಿ ಚೆನ್ನಾಗಿ ಎಳೆದು ಬಂದು ಬಿಚ್ಚಿದರೆ ತುದಿ ಬೆಳ್ಳಗಿತ್ತು. ತಿಳಿ ಕಂದು ಬಣ್ಣ ಇರಬೇಕಿತ್ತು. ಟೂ-ಸ್ಟ್ರೋಕ್ ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದರೆ ಬಿಸಿ ಏರಿ ಪಿಸ್ಟನ್ ಜಾಮ್ ಆಗುತ್ತದೆ. ಆ ಖರ್ಚಿನ ಮುಂದೆ ಕಾರ್ಬುರೇಟರ್ ಬೆಲೆ ಏನೂ ಅಲ್ಲ.

ಇನ್ನು ಹಳೇದು. ಕಿಟ್‌ನಿಂದ ನಾನು ಉಳಿಸಿಕೊಂಡದ್ದು ಫ್ಲೋಟ್ ನೀಡಲ್ ಮತ್ತು ಗ್ಯಾಸ್ಕೆಟ್ ಮಾತ್ರ. ಜೆಟ್‌ಗಳ ಮೇಲೆ ನಂಬರ್ ಸರಿಯಾಗೇ ಕೊರೆದಿದ್ದರು, ಆದರೆ ಹಳೇ ಜೆಟ್ ಪಕ್ಕ ಹಿಡಿದು ಬೆಳಕಿಗೆ ನೋಡಿದರೆ ತೂತು ಒಂದೇ ಅಳತೆಯದ್ದಲ್ಲ ಅಂತ ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಹಾಗಾಗಿ ಕಂಪನಿ ಜೆಟ್‌ಗಳನ್ನೇ ಕ್ಲೀನ್ ಮಾಡಿ ಹಾಕಿದೆ. ಪೈಲಟ್ ಜೆಟ್ಟಿನ ತೂತಿಗೆ ಪಿನ್ನು, ಸೂಜಿ ಹಾಕಲೇಬೇಡಿ. ಹಿತ್ತಾಳೆ ಮೆದು, ಒಮ್ಮೆ ಅಗಲವಾದರೆ ಮುಗಿಯಿತು. ಹಳೇ ವೈರ್ ಸುಲಿದರೆ ಸಿಗುವ ತಾಮ್ರದ ಒಂದೇ ಒಂದು ಎಳೆ ಸಾಕು. ಕ್ಲೀನರ್ ಸ್ಪ್ರೇ ಹೊಡೆಯುವ ಮುಂಚೆ ರಬ್ಬರ್ ಸಾಮಾನುಗಳನ್ನೆಲ್ಲ ತೆಗೆದಿಡಿ.

ಬೌಲ್ ಸ್ಕ್ರೂ ನೋಡೋಕೆ ಮಾಮೂಲಿ ಸ್ಟಾರ್ ತರಹ ಕಂಡರೂ ಅದು ಜಪಾನ್ ಅಳತೆಯದ್ದು. ಜೆಐಎಸ್ ಸ್ಕ್ರೂಡ್ರೈವರ್ ಇಲ್ಲದಿದ್ದರೆ ತಲೆ ಸವೆದುಹೋಗುತ್ತದೆ.

ಬೌಲ್‌ನ ಹಳೇ ರಬ್ಬರ್ ಗ್ಯಾಸ್ಕೆಟ್ ಪೆಟ್ರೋಲ್ ಕುಡಿದು ಉಬ್ಬಿ, ವಾಪಸ್ ಅದರ ತೋಡಿನಲ್ಲಿ ಕೂರುವುದಿಲ್ಲ. ಹೊಸದಿಲ್ಲದಿದ್ದರೆ ರಾತ್ರಿ ಪೂರ್ತಿ ಗಾಳಿಗೆ ಇಡಿ, ಸಾಮಾನ್ಯವಾಗಿ ಕುಗ್ಗುತ್ತದೆ.

ಜೋಡಿಸುವಾಗ ಗಮನ ಇರಬೇಕಾದ್ದು ಸ್ಲೈಡ್ (ಆಕ್ಸಿಲರೇಟರ್ ತಿರುಗಿಸಿದಂತೆ ಮೇಲೆ ಕೆಳಗೆ ಓಡಾಡುವ ಭಾಗ) ಮೇಲೆ. ಕೆಳಗೆ ಓರೆಯಾಗಿ ಕತ್ತರಿಸಿದ ಭಾಗ ಏರ್ ಫಿಲ್ಟರ್ ಕಡೆಗೇ ಬರಬೇಕು. ಮುಚ್ಚಳ ಬಿಗಿದ ಮೇಲೆ ಆಕ್ಸಿಲರೇಟರ್ ತಿರುಗಿಸಿ ಬಿಡಿ, ಟಕ್ ಅಂತ ಸ್ಲೈಡ್ ಕೆಳಗೆ ಬಿದ್ದ ಸದ್ದು ಕೇಳಿಸಬೇಕು. ಕೇಳಿಸದಿದ್ದರೆ ಸ್ಟಾರ್ಟ್ ಮಾಡಬೇಡಿ, ರೇಸ್ ಸಿಕ್ಕಿಹಾಕಿಕೊಂಡರೆ ಕಷ್ಟ. ಐಡಲಿಂಗ್‌ನ ಗಾಳಿ ಹೊಂದಿಸುವ ಏರ್ ಸ್ಕ್ರೂ ಹಗುರವಾಗಿ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತಂದು ಶುರು ಮಾಡಿ. ಕೊನೆಯ ಸೆಟ್ಟಿಂಗ್ ಇಂಜಿನ್ ಬಿಸಿಯಾದ ಮೇಲೇ.

ಹಳೇದೂ ಕೈಕೊಡುವ ಒಂದು ಸಂದರ್ಭವಿದೆ. ಸ್ಲೈಡ್ ಮತ್ತು ಬಾಡಿ ಎರಡೂ ಸವೆದು, ಬೆರಳಲ್ಲಿ ಅಲ್ಲಾಡಿಸಿದರೆ ಕಟಕಟ ಅನ್ನುತ್ತಿದ್ದರೆ ಯಾವ ಕಿಟ್ ಹಾಕಿದರೂ ಐಡಲಿಂಗ್ ಒಂದೇ ಸಮ ಇರುವುದಿಲ್ಲ. ಆಗ ಕಾಪಿಗಿಂತ ಒಳ್ಳೇ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಮಿಕುನಿ ಹುಡುಕುವುದೇ ಮೇಲು.

ನನಗೆ ಭಾನುವಾರ ಕೂತು ಬಿಚ್ಚಿ ಜೋಡಿಸುವ ಅಭ್ಯಾಸವಿದೆ, ಹಾಗಾಗಿ ಇನ್ನೂರು ರೂಪಾಯಿಯ ಕಿಟ್ ಸಾಕಾಯಿತು. ಸ್ಕ್ರೂಡ್ರೈವರ್ ಹಿಡಿಯೋಕೆ ಇಷ್ಟವಿಲ್ಲದವರು ಹಳೇದನ್ನೇ ಒಳ್ಳೇ ಮೆಕ್ಯಾನಿಕ್‌ಗೆ ಕೊಡಲಿ, ಕೂಲಿ ಸೇರಿಸಿದರೂ ಕಾಪಿಯಷ್ಟು ಖರ್ಚು ಬರಲಿಕ್ಕಿಲ್ಲ. ಒಂದು ಮಾತ್ರ ನೆನಪಿಡಿ. ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್, ಅದು ತೇವ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಕಾಕ್ ಬಂದ್ ಮಾಡಿ, ಬೌಲ್ ಖಾಲಿಯಾಗಿ ತಾನಾಗೇ ಆಫ್ ಆಗುವವರೆಗೆ ಇಂಜಿನ್ ಓಡಲು ಬಿಡಿ.