ಮಗ ಪಂದ್ಯದಲ್ಲಿ, ಅಪ್ಪ ಪೆಟ್ಟಿಗೆಯಲ್ಲಿ: ಕಲಬುರಗಿಯ ಫ್ರೀಜರ್ ಬಾಕ್ಸ್ ಬಾಡಿಗೆ ಹೇಗಿದೆ?

"ಮಣ್ಣು ಎಷ್ಟಕ್ಕರೀ?" ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ ಅಂತ. ಸಾವಿನ ಮನೆಗೆ ಬಂದವರು ಮೊದಲು ಕೇಳುವುದು ಇದನ್ನೇ. ಆಟಗಾರ ಮಗ ತಂಡದ ಜೊತೆ ದೂರದಲ್ಲಿದ್ದರೆ ಆ ಹೊತ್ತನ್ನು ಸ್ವಲ್ಪ ಮುಂದೂಡಿಕೊಡುವುದು ದೇಹವನ್ನು ತಂಪಾಗಿಡುವ ಬಾಡಿಗೆಯ ಫ್ರೀಜರ್ ಬಾಕ್ಸು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಇದಿಲ್ಲದೆ ಅರ್ಧ ದಿನ ಕಾಯುವುದೂ ಕಷ್ಟ.

ಆದರೆ ಬಾಕ್ಸು ಕೊಡುವುದು ಗಂಟೆಗಳನ್ನು, ದಿನಗಳನ್ನಲ್ಲ. 2006ರ ಡಿಸೆಂಬರಿನಲ್ಲಿ ವಿರಾಟ್ ಕೊಹ್ಲಿ ತಂದೆ ತೀರಿಕೊಂಡಾಗ ಕರ್ನಾಟಕದ ವಿರುದ್ಧದ ರಣಜಿ ಪಂದ್ಯ ದೆಹಲಿಯಲ್ಲೇ ನಡೆದಿತ್ತು. ಮನೆಯೂ ಅಲ್ಲೇ. 90 ರನ್ ಹೊಡೆದು ಹೋಗಿ ಅಂತ್ಯಕ್ರಿಯೆ ಮಾಡಲು ಆಯಿತು. 1999ರ ವಿಶ್ವಕಪ್ಪಿನ ನಡುವೆ ತಂದೆ ತೀರಿಕೊಂಡಾಗ ಸಚಿನ್ ಇಂಗ್ಲೆಂಡಿನಿಂದ ಮುಂಬೈಗೆ ಬಂದು, ತಿರುಗಿ ಹೋಗಿ ಕೀನ್ಯಾ ಮೇಲೆ 140 ಹೊಡೆದರು. ನಡುವೆ ಒಂದು ಪಂದ್ಯ ತಪ್ಪಿತು. 2020ರ ನವೆಂಬರಿನಲ್ಲಿ ತಂದೆ ತೀರಿಕೊಂಡಾಗ ಹೈದರಾಬಾದಿನ ಸಿರಾಜ್ ಆಸ್ಟ್ರೇಲಿಯಾದಲ್ಲಿ ಕ್ವಾರಂಟೈನಿನಲ್ಲಿದ್ದರು. ಕ್ರಿಕೆಟ್ ಮಂಡಳಿ ಊರಿಗೆ ಹೋಗುವ ಅವಕಾಶ ಕೊಟ್ಟರೂ ತಂಡದೊಂದಿಗೇ ಉಳಿದರು. ಜನವರಿಯಲ್ಲಿ ವಿಮಾನ ಇಳಿದು ನೇರ ಖಬರಸ್ತಾನಕ್ಕೆ ಹೋದರು. ಅಂಥ ದೂರಕ್ಕೆ ಯಾವ ಬಾಕ್ಸೂ ಸಾಲದು.

ಹಾಗಾಗಿ ಮೊದಲು ಲೆಕ್ಕ. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಿಂದ ಕಲಬುರಗಿಗೆ ಕಾರಿನಲ್ಲಿ ಸುಮಾರು ಐದು ತಾಸು, ಬೆಂಗಳೂರಿನಿಂದ ರೈಲಿನಲ್ಲಿ ಒಂದು ರಾತ್ರಿ. ಕಬಡ್ಡಿಯವರಿಗೆ ಆಟವೇ 40 ನಿಮಿಷ, ಬೆಂಚಿನಲ್ಲಿ ಬದಲಿ ಆಟಗಾರರೂ ಇರುತ್ತಾರೆ; ಅದೇ ರಾತ್ರಿ ಹೊರಡಬಹುದು. ರಣಜಿ ಲೀಗ್ ಪಂದ್ಯ ನಾಲ್ಕು ದಿನದ್ದು. ಬ್ಯಾಟರ್ ನಡುವೆ ಎದ್ದು ಬಂದರೆ ಕ್ರಿಕೆಟ್ ನಿಯಮ 25ರ ಪ್ರಕಾರ ಅದು ಅನಿವಾರ್ಯ ಕಾರಣ, ಔಟ್ ಅಲ್ಲ. ಆದರೆ ಅವನ ಜಾಗದಲ್ಲಿ ಇನ್ನೊಬ್ಬ ಬ್ಯಾಟ್ ಹಿಡಿಯುವಂತಿಲ್ಲ. ಹುಡುಗರು ಒದ್ದಾಡುವುದು ಇಲ್ಲೇ. ಮನೆಯವರು "ಮ್ಯಾಚ್ ಮುಗೀಲಿ, ಆಮ್ಯಾಲ ಹೇಳೋಣ" ಅಂತ ಸುದ್ದಿ ಮುಚ್ಚಿಟ್ಟರೆ ಬಾಕ್ಸಿನ ಆರೆಂಟು ತಾಸು ಸುಮ್ಮನೆ ಹೋಗುತ್ತದೆ. ಆಟಗಾರನಿಗೆ ಹೇಳಲು ಬಾಯಿ ಬರದಿದ್ದರೆ ತಂಡದ ಮ್ಯಾನೇಜರ್‌ಗೆ ಹೇಳಿ. ಟಿಕೆಟ್ ಮಾಡಿಸುವವರು ಅವರೇ.

ಇನ್ನು ಬಾಕ್ಸು. ಸುಮಾರು ಏಳು ಅಡಿ ಉದ್ದ, ಎರಡೂವರೆ ಅಡಿ ಅಗಲ, ಮೇಲೆ ಪಾರದರ್ಶಕ ಮುಚ್ಚಳ, ಕೆಳಗೋ ಪಕ್ಕಕ್ಕೋ ಕಂಪ್ರೆಸರ್. ಎತ್ತಲು ನಾಲ್ಕು ಜನ ಬೇಕು. ಮಹಡಿ ಮನೆಯಾದರೆ ಕೆಳಗಿನ ಪಡಸಾಲೆಯಲ್ಲೇ ಇಡಿ. ಟೆಂಪೋದಲ್ಲಿ ವಾಲಿಸಿ ತಂದಿದ್ದರೆ ಇಳಿಸಿದ ಕೂಡಲೇ ಸ್ವಿಚ್ ಹಾಕಬಾರದು. ಕಂಪ್ರೆಸರಿನ ಎಣ್ಣೆ ಕೆಳಗಿಳಿಯುವವರೆಗೆ ನೆಟ್ಟಗೆ ನಿಲ್ಲಬೇಕು. ಬಾಡಿಗೆಗೆ ಕೊಡುವವರು ಅವಸರದಲ್ಲಿ ಮಾಡುವ ದೊಡ್ಡ ತಪ್ಪು ಇದು, "ಫ್ರೀಜರ್ ಕೂಲಾಗವಲ್ದು" ಅನ್ನುವ ದೂರಿಗೆ ಕಾರಣಗಳಲ್ಲಿ ಇದೂ ಒಂದು. ಇನ್ನೊಂದು ಕಾರಣ ಗಾಳಿ: ಕಂಪ್ರೆಸರಿನ ಬದಿಯನ್ನು ಗೋಡೆಗೆ ಒತ್ತಿಡುತ್ತಾರೆ, ಮೇಲೆ ಚಾದರ ಇಳಿಬಿಡುತ್ತಾರೆ. ಒಂದಡಿ ಜಾಗ ಬಿಡಿ. ಶಾಮಿಯಾನದ ಬಿಸಿಲಿಗೆ ಮಾತ್ರ ಇಡಲೇಬೇಡಿ.

ನಮ್ಮ ಶಹಾಬಾದ್ ಪರ್ಸಿಯ (ಹಾಸುಗಲ್ಲಿನ) ನೆಲ ಎಲ್ಲೆಡೆ ಸಮ ಇರುವುದಿಲ್ಲ. ನೀರು ಹೊರಹೋಗುವ ಪೈಪಿನ ಕಡೆಗೆ ಒಂದಿಷ್ಟು ಇಳಿಜಾರು ಮಾಡಿ, ಕೆಳಗೆ ತಟ್ಟೆ ಇಡಿ. ಇಲ್ಲದಿದ್ದರೆ ನೀರು ಒಳಗೇ ನಿಂತು ಬಟ್ಟೆ ತೊಯ್ಯುತ್ತದೆ.

ಪ್ಲಗ್ ಗೋಡೆಯ 16 ಆಂಪ್ ಸಾಕೆಟ್ಟಿಗೇ ಹಾಕಿ. ಮೊಬೈಲ್ ಚಾರ್ಜಿನ ಎಕ್ಸ್‌ಟೆನ್ಶನ್ ಬೋರ್ಡು ಬಿಸಿಯಾಗಿ ಕರಗುತ್ತದೆ. ವೋಲ್ಟೇಜ್ ಬಿದ್ದರೆ ಕಂಪ್ರೆಸರ್ ಗುಂಯ್‌ಗುಟ್ಟಿ ನಿಲ್ಲುತ್ತದೆ. ಸ್ಟೆಬಿಲೈಜರ್ ಕೊಡುತ್ತಾರೋ ಮೊದಲೇ ಕೇಳಿ. ಮನೆಯ ಇನ್ವರ್ಟರ್ ನೆಚ್ಚಬೇಡಿ, ಶುರುವಾಗುವ ಕ್ಷಣಕ್ಕೆ ಕಂಪ್ರೆಸರ್ ಕೇಳುವ ಕರೆಂಟು ಅದು ತಡೆಯುವುದಿಲ್ಲ. ಜನರೇಟರ್ ಬೇಕು. ಕರೆಂಟ್ ಹೋಗಿ ಬಂದರೆ ಐದು ನಿಮಿಷ ಬಿಟ್ಟು ಸ್ವಿಚ್ ಹಾಕಿ.

ದೇಹ ಇಡುವ ಮೊದಲು ಅರ್ಧ ತಾಸಾದರೂ ಖಾಲಿ ಓಡಿಸಿ. ಶವಾಗಾರದಲ್ಲಿ ಇರಬೇಕಾದ ಉಷ್ಣತೆ 2ರಿಂದ 4 ಡಿಗ್ರಿ. ಮನೆಯ ಬಾಕ್ಸಿನ ಮೀಟರ್ ಅಲ್ಲಿಗೆ ಬಂದರೂ ದೇಹದ ಒಳಗಿನ ಬಿಸಿ ಆರಲು ತಾಸುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಮುಚ್ಚಳ ಪದೇಪದೇ ತೆಗೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಬಂದ ಬೀಗರೆಲ್ಲ ಮುಖ ಮುಟ್ಟಿ ಅಳಬೇಕು ಅನ್ನುತ್ತಾರೆ. ತಪ್ಪೇನಿಲ್ಲ, ಆದರೆ ರಾತ್ರಿಯಿಡೀ ಹಾಗಾದರೆ ಮಗ ಬರುವ ಹೊತ್ತಿಗೆ ಬಾಕ್ಸಿದ್ದೂ ಉಪಯೋಗವಿಲ್ಲ. ಹಾರ ಒಳಗೆ ಹಾಕಬೇಡಿ, ಗಾಳಿಯ ತೂತು ಮುಚ್ಚುತ್ತವೆ. ಊದುಬತ್ತಿ, ಕರ್ಪೂರ ಮುಚ್ಚಳದ ಮೇಲೆ ಬೇಡ, ಅಕ್ರಿಲಿಕ್ ಸುಟ್ಟು ಕಲೆಯಾದರೆ ದಂಡ ನಿಮ್ಮದೇ.

ಲಿಂಗಾಯತರ ಮನೆಗಳಲ್ಲಿ ಇದು ಸುಲಭವಿಲ್ಲ. ಸಮಾಧಿ ಕೂರಿಸಿ ಮಾಡುವುದು. ಸತ್ತ ಕೆಲವೇ ತಾಸಿನಲ್ಲಿ ಕೈಕಾಲು ಸೆಟೆಯಲು ಶುರುವಾಗಿ ಅರ್ಧ ದಿನಕ್ಕೆ ಪೂರ್ತಿ ಬಿಗಿಯುತ್ತವೆ, ತಂಪಿನಲ್ಲಿ ಆ ಬಿಗಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಬಾಕ್ಸು ಮಲಗಿಸಿಡುವಂಥದ್ದು, ಒಳಗೆ ಎತ್ತರ ಕಡಿಮೆ, ಕಾಲು ಮಡಿಸಿದರೆ ಮುಚ್ಚಳ ಕೂರುವುದಿಲ್ಲ. ಮಗ ಆರು ತಾಸಿನಲ್ಲಿ ಬರುವಂತಿದ್ದರೆ ಬಾಕ್ಸು ಬಿಟ್ಟು, ಕೂರಿಸಿ, ಸುತ್ತ ಐಸ್ ಗಡ್ಡೆ ಇಡುವುದೇ ಮೇಲು. ಮುಸ್ಲಿಮರಲ್ಲಿ ದಫನ್ ತಡಮಾಡುವುದೇ ಸಲ್ಲ. ಅಲ್ಲಿ ಬಾಕ್ಸಿನ ಮಾತು ಕಡಿಮೆ.

ಒಟ್ಟು ಸೇವೆಗೆ ಐದಕ್ಕೆ ಮೂರೂವರೆ ಕೊಡಬಹುದು. ಯಂತ್ರ ಚೆನ್ನಾಗಿದೆ, ತರುವ ಹುಡುಗರಿಗೆ ಹೇಳಿಕೊಟ್ಟಿರುವುದು ಕಡಿಮೆ. ದಿನ ಅಂದರೆ 24 ತಾಸೋ, ಬೆಳಗಿನಿಂದ ರಾತ್ರಿಯೋ? ಸಾಗಾಟ, ಜನರೇಟರ್ ಬೇರೆಯೋ? ನಡುರಾತ್ರಿ ಕೆಟ್ಟರೆ ಬರುವ ಮೆಕ್ಯಾನಿಕ್ ನಂಬರ್ ಯಾವುದು? ಮೂರನ್ನೂ ಇಳಿಸುವ ಮೊದಲೇ ಕೇಳಿ ಬರೆದುಕೊಳ್ಳಿ. ಮನೆಯಲ್ಲೇ ತೀರಿದ್ದರೆ ಡಾಕ್ಟರರಿಂದ ಸಾವಿನ ಕಾರಣದ 4ಎ ನಮೂನೆಯನ್ನು ಅದೇ ದಿನ ಬರೆಸಿಕೊಳ್ಳಿ. 36 ತಾಸಿಗೂ ಮಗ ಬರುವುದು ಖಾತ್ರಿ ಇಲ್ಲದಿದ್ದರೆ ಬಾಕ್ಸು ಬಿಟ್ಟು ಆಸ್ಪತ್ರೆಯ ಶವಾಗಾರ ಕೇಳಿ.

ಮಗನ ಗಾಡಿ ಊರ ಹತ್ತಿರ ಬಂತು ಅಂದಾಗ ಸ್ವಿಚ್ ಆರಿಸಿ, ಮುಚ್ಚಳ ತೆಗೆದು ಹತ್ತು ನಿಮಿಷ ಬಿಡಿ. ತಂಪಾದ ಮುಖಕ್ಕೆ ಹೊರಗಿನ ಗಾಳಿ ತಾಗಿ ಹನಿ ಕಟ್ಟುತ್ತದೆ, ಕಣ್ಣ ಮೂಲೆಯಲ್ಲಿ ನಿಲ್ಲುತ್ತದೆ. ಒಣ ಹತ್ತಿಯಿಂದ ಒರೆಸಿ, ಆಮೇಲೆ ಅವನನ್ನು ಒಳಗೆ ಕರೆಯಿರಿ.