ಮ್ಯಾಟ್ರಿಕ್ಸ್: ಹೆಸರುಗಳು ಬೈಬಲಿನವು, ಬೋಧನೆ ಬೇರೆಯದು

ಮ್ಯಾಟ್ರಿಕ್ಸ್ ಅಮೆರಿಕದಲ್ಲಿ ತೆರೆಗೆ ಬಂದದ್ದು 1999ರ ಮಾರ್ಚ್ 31ರಂದು, ಕ್ರೈಸ್ತರ ಪವಿತ್ರ ವಾರದ ನಡುವೆ. ನಾಲ್ಕು ದಿನ ಕಳೆದರೆ ಈಸ್ಟರ್. ಗುಂಡೇಟಿಗೆ ಸತ್ತು ಮತ್ತೆ ಎದ್ದು ನಿಲ್ಲುವ ನಾಯಕನ ಈ ಕಥೆಯನ್ನು ಸುವಾರ್ತೆಯ ರೂಪಕವೆಂದು ಯುವಜನ ಕೂಟಗಳಲ್ಲಿ ತೋರಿಸುವವರು ಇಂದಿಗೂ ಇದ್ದಾರೆ. ವಿಶ್ವಾಸಿಗಳು ಇದರ ಹತ್ತಿರವೂ ಸುಳಿಯಬಾರದು ಎನ್ನುವವರೂ ಇದ್ದಾರೆ. ಎರಡನ್ನೂ ಒಪ್ಪುವುದು ಕಷ್ಟ. 136 ನಿಮಿಷಗಳಲ್ಲಿ ಎಲ್ಲಿಯೂ ಈ ಚಿತ್ರ ಕ್ರಿಸ್ತನನ್ನು ಹೀಗಳೆಯುವುದಿಲ್ಲ. ಆದರೆ ಅದು ಉಟ್ಟ ಬಟ್ಟೆ ಮಾತ್ರ ಬೈಬಲಿನದು. ಒಳಗಿನ ಎಲುಬು ಸಭೆಯು ಎರಡನೆಯ ಶತಮಾನದಲ್ಲೇ ತಳ್ಳಿಹಾಕಿದ ಒಂದು ಬೋಧನೆಯದು. ಅದನ್ನು ತಿಳಿದು ನೋಡಿದರೆ ಒಳ್ಳೆಯ ಚಿತ್ರ. ತಿಳಿಯದೆ ಪಾಠಕ್ಕೆ ಬಳಸಿದರೆ ತಪ್ಪು ಪಾಠ.

ಬಟ್ಟೆಯಿಂದಲೇ ಶುರು ಮಾಡೋಣ. ಚಿತ್ರದುದ್ದಕ್ಕೂ ನಿಯೋ ಎನಿಸಿಕೊಳ್ಳುವ ನಾಯಕನ ದಾಖಲೆಯ ಹೆಸರು ಥಾಮಸ್ ಆಂಡರ್ಸನ್. ಥಾಮಸ್ ಎಂದರೆ ಗಾಯದ ಗುರುತು ಮುಟ್ಟದೆ ನಂಬೆನೆಂದ ನಮ್ಮ ತೋಮ. ಆಂಡರ್ಸನ್ ಎಂದರೆ ಆಂಡ್ರೂವಿನ ಮಗ. ಆಂಡ್ರೂ, ಅಂದರೆ ಕನ್ನಡ ಬೈಬಲಿನ ಅಂದ್ರೆಯ, ಗಂಡಸು ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರು. ಬಿಡಿಸಿ ಓದಿದರೆ ‘ಮನುಷ್ಯಕುಮಾರ’ ಸಿಗುತ್ತಾನೆ. ಅವನನ್ನು ಪ್ರೀತಿಸುವವಳು ಟ್ರಿನಿಟಿ, ಕೊನೆಯ ಮಾನವ ನಗರ ಚೀಯೋನ್, ಹಡಗಿನ ಹೆಸರು ದಾನಿಯೇಲನ ಗ್ರಂಥದ ನೆಬೂಕದ್ನೆಚ್ಚರ. ಆ ಹಡಗಿನ ಲೋಹದ ಫಲಕದಲ್ಲಿ ‘ಮಾರ್ಕ್ 3, ನಂಬರ್ 11’ ಎಂದು ಕೆತ್ತಿದೆ. ಮಾರ್ಕನ ಸುವಾರ್ತೆ 3:11 ತೆರೆದರೆ, ದೆವ್ವಗಳು ಯೇಸುವಿನ ಮುಂದೆ ಬಿದ್ದು ನೀನು ದೇವಕುಮಾರನು ಎಂದು ಕೂಗುವ ವಚನ. ಎರಡನೆಯ ಭಾಗದಲ್ಲಿ ಖಳನಾಯಕ ಏಜೆಂಟ್ ಸ್ಮಿತ್ ಬರುವ ಕಾರಿನ ನಂಬರು ಐಎಸ್ 5416. ಯೆಶಾಯ 54:16ರಲ್ಲಿ ದೇವರು ತಾನೇ ಸೃಷ್ಟಿಸಿದೆನೆಂದು ಹೇಳುವುದು ಕಮ್ಮಾರನನ್ನು, ಇಂಗ್ಲಿಷಿನಲ್ಲಿ ‘ಸ್ಮಿತ್’. ಇವೆಲ್ಲ ಆಕಸ್ಮಿಕವಾಗಲು ಸಾಧ್ಯವಿಲ್ಲ. ಚಿತ್ರವನ್ನು ಬರೆದು ನಿರ್ದೇಶಿಸಿದ ವಾಚೌಸ್ಕಿ ಜೋಡಿ ಬೈಬಲನ್ನು ಕೈಯಲ್ಲಿ ಹಿಡಿದೇ ಬರೆದಿದ್ದಾರೆ.

ಆದರೆ ಹೆಸರುಪಟ್ಟಿ ಬೋಧನೆಯಾಗುವುದಿಲ್ಲ. ಮನುಷ್ಯರಿಗೆ ಏನಾಗಿದೆ, ಅವರನ್ನು ಬಿಡಿಸುವುದು ಯಾವುದು ಎಂದು ಕೇಳಿದಾಗ ಚಿತ್ರ ಕೊಡುವ ಉತ್ತರ ನೋಡಬೇಕು. ಕಣ್ಣಿಗೆ ಕಾಣುವ ಲೋಕ ಒಂದು ಕೆಳದರ್ಜೆಯ ಶಕ್ತಿ (ಚಿತ್ರದಲ್ಲಿ ಯಂತ್ರಗಳು) ಕಟ್ಟಿದ ಸೆರೆಮನೆ. ಜನ ಅದರೊಳಗೆ ನಿದ್ರಿಸುತ್ತಿದ್ದಾರೆ. ಗುಟ್ಟು ತಿಳಿದ ಕೆಲವರು ಎಚ್ಚರಗೊಳ್ಳುತ್ತಾರೆ. ಆ ಅರಿವೇ ಬಿಡುಗಡೆ. ಇದು ಗುಪ್ತ ಜ್ಞಾನವೇ ರಕ್ಷಣೆ ಎಂದ, ಸಭೆ ತಳ್ಳಿಹಾಕಿದ ಜ್ಞಾಸ್ಟಿಕ್ ಪಂಥಗಳ ಬೋಧನೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಸಿಕ್ಕ ಹಸ್ತಪ್ರತಿಗಳಲ್ಲಿ ‘ಸತ್ಯದ ಸುವಾರ್ತೆ’ ಎಂದು ಕರೆಯುವ ಒಂದು ಬರಹವಿದೆ. ಅಜ್ಞಾನವನ್ನು ಅದು ಕೆಟ್ಟ ಕನಸಿಗೆ ಹೋಲಿಸುತ್ತದೆ: ಯಾರೋ ಅಟ್ಟಿಸಿಕೊಂಡು ಬರುತ್ತಾರೆ, ಹೊಡೆದಾಟ ನಡೆಯುತ್ತದೆ, ಎತ್ತರದಿಂದ ಬೀಳುತ್ತೇವೆ, ರೆಕ್ಕೆಯಿಲ್ಲದೆ ಗಾಳಿಯಲ್ಲಿ ಹಾರುತ್ತೇವೆ, ಎಚ್ಚರವಾದಾಗ ಅದೇನೂ ಇರುವುದಿಲ್ಲ. ಚಿತ್ರಕಥೆಯ ಸಾರಾಂಶವನ್ನೇ ಓದಿದಂತಾಗುತ್ತದೆ. ಲಿಯೋನ್ ನಗರದ ಬಿಷಪ್ ಐರಿನೇಯಸ್ ಸುಮಾರು 180ರ ಹೊತ್ತಿಗೆ ಇಂಥ ಬೋಧನೆಗಳ ವಿರುದ್ಧ ಐದು ಸಂಪುಟ ಬರೆದದ್ದು ಸುಮ್ಮನೆ ಅಲ್ಲ. ಆದಿಕಾಂಡ 1:31ರಲ್ಲಿ ದೇವರು ತಾನು ಉಂಟುಮಾಡಿದ್ದನ್ನೆಲ್ಲಾ ನೋಡಿ ಬಹು ಒಳ್ಳೆಯದೆಂದ. ಲೋಕವೇ ಸೆರೆಮನೆಯೆಂದರೆ ಆ ಮಾತು ನಿಲ್ಲುವುದಿಲ್ಲ.

ಸತ್ಯ ತಿಳಿಯಲು ನಿಯೋ ಕೆಂಪು ಮಾತ್ರೆ ನುಂಗುವ ದೃಶ್ಯಕ್ಕೆ ಯೋಹಾನ 8:32 ಅನ್ನು ಜೋಡಿಸುವ ರೂಢಿಯಿದೆ: ಸತ್ಯವು ನಿಮ್ಮನ್ನು ಬಿಡುಗಡೆ ಮಾಡುವುದು. ಎರಡೇ ವಚನ ಮುಂದೆ ಓದಿದರೆ ಜೋಡಣೆ ಕಳಚುತ್ತದೆ. ಪಾಪಮಾಡುವವನು ಪಾಪಕ್ಕೆ ದಾಸ ಎನ್ನುತ್ತದೆ 8:34. ಯೇಸು ಹೇಳುವ ದಾಸತ್ವಕ್ಕೆ ಅಜ್ಞಾನ ಕಾರಣವಲ್ಲ, ಪಾಪ ಕಾರಣ. ಬಿಡಿಸುವವನು 8:36ರ ಮಗ. ಮ್ಯಾಟ್ರಿಕ್ಸ್‌ನಲ್ಲಿ ಪಾಪವೂ ಇಲ್ಲ, ಕ್ಷಮೆಯೂ ಇಲ್ಲ. 

ನಮ್ಮ ಕಡೆಯ ಪ್ರೇಕ್ಷಕರು ತಕ್ಷಣ ‘ಇದು ಮಾಯಾವಾದ’ ಎನ್ನುವುದುಂಟು. ಮೂರನೆಯ ಭಾಗದ ಕೊನೆಯ ಕಾಳಗಕ್ಕೆ ಸಂಗೀತ ನಿರ್ದೇಶಕ ಡಾನ್ ಡೇವಿಸ್ ಬೃಹದಾರಣ್ಯಕೋಪನಿಷತ್ತಿನ ‘ಅಸತೋ ಮಾ ಸದ್ಗಮಯ’ವನ್ನು ವೃಂದಗಾನವಾಗಿ ಬಳಸಿರುವುದು ನಿಜ. ಆದರೆ ಅದ್ವೈತದ ಮಾಯೆ ಯಂತ್ರಗಳು ಬೇಲಿ ಹಾಕಿ ಕಟ್ಟಿದ ಜೈಲಲ್ಲ. ಆ ಹೋಲಿಕೆಯನ್ನೂ ಹಗುರವಾಗಿ ಹಿಡಿಯುವುದು ವಾಸಿ.

ಘರ್ಷಣೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಊಟದ ಮೇಜಿನಲ್ಲಿ. ಇಸ್ಕರಿಯೋತ ಯೂದನ ಸ್ಥಾನದಲ್ಲಿರುವ ಸೈಫರ್ ಹೋಟೆಲಿನಲ್ಲಿ ಕುಳಿತು, ಫೋರ್ಕಿನಲ್ಲಿ ಮಾಂಸದ ತುಂಡು ಎತ್ತಿ ಹಿಡಿದು, ಇದು ನಿಜವಲ್ಲವೆಂದು ಗೊತ್ತಿದ್ದರೂ ರುಚಿ ಸಾಕು ಎಂದು ಗೆಳೆಯರನ್ನು ಮಾರುತ್ತಾನೆ. ಯೂದನೂ ರೊಟ್ಟಿಯ ತುಂಡು ತೆಗೆದುಕೊಂಡ ಮೇಲೆಯೇ ಎದ್ದು ಹೋದವನು, ಯೋಹಾನ 13:30. ಅಲ್ಲಿಯವರೆಗೆ ಹೋಲಿಕೆ ಅದ್ಭುತ. ಹಡಗಿನ ಇತರರು ಉಣ್ಣುವುದು ಪ್ರೋಟೀನು, ವಿಟಮಿನ್ನು ಬೆರೆಸಿದ ರುಚಿಯಿಲ್ಲದ ಗಂಜಿ. ಹೀಗೆ ಚಿತ್ರದಲ್ಲಿ ರುಚಿ ದ್ರೋಹದ ಗುರುತಾಗುತ್ತದೆ. ಸುವಾರ್ತೆ ಇದಕ್ಕೆ ನೇರ ಎದುರು: ಎದ್ದುಬಂದ ಯೇಸು ತಾನು ಭೂತವಲ್ಲವೆಂದು ತೋರಿಸಲು ತಿನ್ನಲು ಏನಾದರೂ ಇದೆಯೇ ಎಂದು ಕೇಳಿ, ಕೊಟ್ಟ ಸುಟ್ಟ ಮೀನಿನ ತುಂಡನ್ನು ಶಿಷ್ಯರ ಮುಂದೆ ತಿನ್ನುತ್ತಾನೆ, ಲೂಕ 24:42-43. ಪ್ರಭುಭೋಜನವೂ ರೊಟ್ಟಿ ಮತ್ತು ದ್ರಾಕ್ಷಾರಸವೇ. ನಿಯೋ ಎದ್ದು ನಿಲ್ಲುವುದು ಕೃತಕ ಲೋಕದ ಕೊಠಡಿ 303ರಲ್ಲಿ, ದೇಹಕ್ಕೂ ನಿಯಮಕ್ಕೂ ತಾನು ಕಟ್ಟುಬಿದ್ದಿಲ್ಲವೆಂದು ಕಂಡುಕೊಂಡು. ಕ್ರಿಸ್ತನ ಪುನರುತ್ಥಾನ ದೇಹದ್ದು. ಅಲ್ಲಿ ಗಾಯದ ಗುರುತೂ ಉಳಿದಿದೆ.

ಇನ್ನು ಸೆರೆಸಿಕ್ಕ ಹಡಗಿನ ನಾಯಕ ಮಾರ್ಫಿಯಸ್‌ನನ್ನು ಬಿಡಿಸಲು ನಿಯೋ ಮತ್ತು ಟ್ರಿನಿಟಿ ನಡೆಸುವ ಲಾಬಿಯ ಗುಂಡಿನ ಕಾಳಗ. ಛಾಯಾಗ್ರಹಣ, ಸಂಕಲನ, ಶಬ್ದ ಮೂರೂ ಅಲ್ಲಿ ಉಚ್ಛ್ರಾಯದಲ್ಲಿವೆ. ಸಂಕಲನ ಮತ್ತು ಶಬ್ದಕ್ಕೆ ಆಸ್ಕರ್ ಬಂದದ್ದು ನ್ಯಾಯವೇ. ಆದರೆ ಸಾಯುವ ಕಾವಲುಗಾರರು ಯಂತ್ರಗಳಲ್ಲ, ಕೃತಕ ಲೋಕಕ್ಕೆ ಜೋಡಿಸಲ್ಪಟ್ಟ ನಿಜವಾದ ಮನುಷ್ಯರು. ಅಲ್ಲಿ ಸತ್ತವನ ದೇಹ ಇಲ್ಲೂ ಸಾಯುತ್ತದೆಂದು ಚಿತ್ರವೇ ಮೊದಲು ಹೇಳಿದೆ. ನಮ್ಮವರಲ್ಲದವರೆಲ್ಲ ಶತ್ರುಗಳೇ ಎಂದು ಮಾರ್ಫಿಯಸ್ ತರಬೇತಿಯಲ್ಲೇ ಕಲಿಸಿರುತ್ತಾನೆ. ಬಿಡಿಸಬೇಕಾದವರನ್ನೇ ಕೊಂದು ಮುಂದೆ ಹೋಗುವ ರಕ್ಷಕ, ಪೇತ್ರನ ಕತ್ತಿಯನ್ನು ಒರೆಗೆ ಸೇರಿಸಲು ಹೇಳಿ ಮಲ್ಕನ ಕಿವಿ ಗುಣಪಡಿಸಿದವನ ರೂಪಕವಾಗಲಾರ. ಈ ಚಿತ್ರದ ಬಗ್ಗೆ ನಮಗಿರುವ ಅತಿ ದೊಡ್ಡ ತಕರಾರು ಇದೇ.

ಸಮವಾಗಿ ಹೇಳಬೇಕಾದ ಒಂದು ಮಾತಿದೆ. ಮಾರ್ಫಿಯಸ್‌ನನ್ನು ಬಿಡಿಸಲು ನಿಯೋ ಹೊರಡುವುದು ತಾನು ಮನುಷ್ಯರನ್ನು ಬಿಡಿಸಲು ಆಯ್ಕೆಯಾದವನಲ್ಲ ಎಂದು ನಂಬಿರುವಾಗ. ಗೆಳೆಯನಿಗಾಗಿ ಪ್ರಾಣ ಕೊಡುವ ಯೋಹಾನ 15:13ರ ಪ್ರೀತಿ ಅಲ್ಲಿ ಪ್ರಾಮಾಣಿಕವಾಗಿದೆ.

2003ರ ಎರಡು ಭಾಗಗಳು ವಿಷಯವನ್ನು ಇನ್ನೂ ತೊಡಕಾಗಿಸುತ್ತವೆ. ನಿಯೋ ಆರನೆಯ ರಕ್ಷಕ, ಅವನೂ ವ್ಯವಸ್ಥೆಯ ಒಂದು ಬಿಡಿಭಾಗ ಎಂದು ಆ ಕೃತಕ ಲೋಕವನ್ನು ಕಟ್ಟಿದ ಆರ್ಕಿಟೆಕ್ಟ್ ಹೇಳುತ್ತಾನೆ; ಕ್ರಿಸ್ತನ ಬಲಿಯ ಬಗ್ಗೆ ಇಬ್ರಿಯರಿಗೆ 9:28 ಹೇಳುವ ‘ಒಂದೇ ಸಾರಿ’ಗೆ ಅಲ್ಲಿ ಜಾಗವಿಲ್ಲ. ಮೂರನೆಯದರಲ್ಲಿ ನಿಯೋ ಕೈಚಾಚಿ ಶಿಲುಬೆಯಾಕಾರದಲ್ಲಿ ಸಾಯುತ್ತಾನೆ. ಆದರೆ ಶಿಲುಬೆಯ ಮೇಲೆ ಯೇಸು ಆಡಿದ ‘ತೀರಿತು’ ಎಂಬ ಮಾತನ್ನು ಇಲ್ಲಿ ಆಡುವುದು ಯಂತ್ರ.

ಕೂಟದಲ್ಲಿ ತೋರಿಸುವವರಿಗೆ: ಮೊದಲ ಭಾಗ ಸಾಕು. ಅಮೆರಿಕದಲ್ಲಿ ಇದಕ್ಕೆ ಸಿಕ್ಕಿದ್ದು ಚಿಕ್ಕವರು ದೊಡ್ಡವರ ಜೊತೆಯಲ್ಲಷ್ಟೇ ನೋಡಬಹುದಾದ ಆರ್ ಪ್ರಮಾಣಪತ್ರ. ಬಾಯಿ ಮುಚ್ಚಿಹೋಗುವ, ಹೊಕ್ಕುಳಿಗೆ ಕೀಟ ನುಗ್ಗುವ ವಿಚಾರಣೆಯ ದೃಶ್ಯ ಚಿಕ್ಕವರನ್ನು ಹೆದರಿಸುತ್ತದೆ. 16ಕ್ಕಿಂತ ಕೆಳಗಿನವರು ಬೇಡ. ಚರ್ಚೆ ಸೇರಿ ಮೂರೂವರೆ ಗಂಟೆ ಬೇಕು. ಹೆಸರುಗಳ ಹೋಲಿಕೆಗೆ ಹತ್ತು ನಿಮಿಷ ದಾಟಬಾರದು. ಹುಡುಗರಿಗೆ ಅದು ಒಗಟಿನಾಟವಾಗಿ, ಉಳಿದ ಹೊತ್ತನ್ನೆಲ್ಲ ನುಂಗುತ್ತದೆ. ‘ಇಲ್ಲಿ ಯೇಸು ಯಾರು’ ಎಂದು ಕೇಳಿದರೆ ಮತ್ತೆ ಅದೇ ಗುಂಡಿಗೆ ಬೀಳುತ್ತೀರಿ. ಯಾವುದರಿಂದ ಬಿಡುಗಡೆ, ಯಾರಿಂದ, ಯಾವ ಬೆಲೆಗೆ ಎಂದು ಕೇಳಿ. ಮೂರು ಕಡೆ ನಿಲ್ಲಿಸಿ: ಮಾತ್ರೆ ನುಂಗಿದ ಮೇಲೆ ಯೋಹಾನ 8:31-36, ಸೈಫರನ ಊಟದ ಮೇಲೆ ಲೂಕ 24:36-43, ಲಾಬಿಯ ನಂತರ ಮತ್ತಾಯ 26:51-53. ಈ ಕೊನೆಯ ನಿಲುಗಡೆಯಲ್ಲಿ ತಡಮಾಡಬೇಡಿ. ನಿಯೋ, ಟ್ರಿನಿಟಿ ಇಬ್ಬರೂ ಲಿಫ್ಟ್ ಹತ್ತಿ, ಹಿಂದೆ ಕಂಬದ ಕಲ್ಲು ಕಳಚಿ ಬಿದ್ದ ಸದ್ದು ಕೇಳಿದ ಕೂಡಲೇ ರಿಮೋಟ್ ಒತ್ತಿ. ಹೆಲಿಕಾಪ್ಟರ್ ಬಂದಿತೆಂದರೆ ಕೆಳಗೆ ಬಿದ್ದಿರುವ ಆ ಕಾವಲುಗಾರರ ನೆನಪು ಯಾರಿಗೂ ಉಳಿದಿರುವುದಿಲ್ಲ.